ಕಪಿಲೆಯ ದಂಡೆಯಲ್ಲಿ ಚಾಟ್ ಸರ್ವರ್

ಸಣ್ಣ ಕಾರ್ಖಾನೆಯೊಂದು ತನ್ನ ನೌಕರರ ಸಂದೇಶಗಳಿಗೆ ಸ್ವಂತ ಸರ್ವರ್ ಹಾಕಿಕೊಳ್ಳಲು ಹೊರಟಾಗ ತಯಾರಾಗುವ ಯೋಜನೆಯಲ್ಲಿ ಮೊದಲ ಸಾಲಿಗೇ ಸಾಫ್ಟ್‌ವೇರಿನ ಹೆಸರು ಬಂದು ಕೂತಿರುತ್ತದೆ. ಓಪನ್‌ಫೈರ್, ಮ್ಯಾಟರ್‌ಮೋಸ್ಟ್, ಜುಲಿಪ್, ಯಾವುದೋ ಒಂದು. ಅದರ ಕೆಳಗೆ ಎಷ್ಟು ಜಿಬಿ ರ‍್ಯಾಮ್, ಯಾವ ಡಿಸ್ಕ್, ಎಷ್ಟು ಖರ್ಚು. ಆ ಸರ್ವರನ್ನು ಮುಂದಿನ ವರ್ಷ ಯಾರು ನೋಡಿಕೊಳ್ಳುತ್ತಾರೆ, ಕೆಲಸ ಬಿಟ್ಟವರ ಖಾತೆಯನ್ನು ಯಾರು ಮುಚ್ಚುತ್ತಾರೆ, ಹಳೆಯ ಸಂದೇಶವೊಂದು ಬೇಕಾದಾಗ ಯಾರು ತೆಗೆದುಕೊಡುತ್ತಾರೆ ಎಂಬುದಕ್ಕೆ ಅದರಲ್ಲಿ ಜಾಗವೇ ಇರುವುದಿಲ್ಲ. ಇಂಥದ್ದನ್ನು ಖರೀದಿ ಪಟ್ಟಿ ಎನ್ನಬಹುದು, ಯೋಜನೆ ಎನ್ನಲಾಗದು.

ಈ ಮಾತನ್ನು ನಂಜನಗೂಡು, ತಿ. ನರಸೀಪುರಗಳನ್ನು ಕಣ್ಣ ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ. ಮೈಸೂರಿನಿಂದ ಊಟಿ ರಸ್ತೆ ಹಿಡಿದರೆ ಕಡಕೊಳ, ತಾಂಡವಪುರದಿಂದಲೇ ಕಾರ್ಖಾನೆಗಳ ಸಾಲು ಶುರು. ಕಾಫಿ, ಔಷಧ, ಬಟ್ಟೆ, ಯಂತ್ರದ ಬಿಡಿಭಾಗ, ಎಲ್ಲವೂ ಇಲ್ಲಿ ತಯಾರಾಗುತ್ತವೆ. ದೊಡ್ಡ ಕಂಪನಿಗಳಿಗೆ ಸಂದೇಶದ ವ್ಯವಸ್ಥೆ ಅವುಗಳ ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗಿ ಬರುತ್ತದೆ. ಅವುಗಳಿಗೆ ಮಾಲು ಒದಗಿಸುವ ಐವತ್ತು, ನೂರು ಜನರ ಘಟಕಗಳ ದಿನವೆಲ್ಲ ನಡೆಯುವುದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಪಾಳಿ ಬದಲಾವಣೆ, ಮೆಷಿನ್ ಬ್ರೇಕ್‌ಡೌನ್, ಲಾರಿ ಗೇಟಿಗೆ ಬಂದ ಸುದ್ದಿ, ಡ್ರಾಯಿಂಗಿನ ಫೋಟೊ, ರಜೆಯ ಕೋರಿಕೆ, ಹಬ್ಬದ ಶುಭಾಶಯ ಎಲ್ಲವೂ ಒಂದೇ ಕಡೆ.

ವಾಟ್ಸ್‌ಆ್ಯಪ್ ಇಷ್ಟು ಬೇರೂರಲು ಸಕಾರಣವಿದೆ. ಯಾರಿಗೂ ಕಲಿಸಬೇಕಿಲ್ಲ, ಓದಲು ಬಾರದವರು ದನಿ ಕಳಿಸುತ್ತಾರೆ. ಅದರ ಸರ್ವರಿನ ಮೂಲವೂ ಇಜ್ಯಾಬರ್ಡ್ ಎಂಬ ಮುಕ್ತ ತಂತ್ರಾಂಶವೇ. ಇವತ್ತಿಗೂ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ಹಾಕಬಹುದು. ಆದ್ದರಿಂದ ತಾಂತ್ರಿಕ ಶಕ್ತಿಯ ಕೊರತೆಯನ್ನು ಇಲ್ಲಿ ಮುಖ್ಯ ತೊಡಕೆಂದು ನಾನು ಕಾಣುವುದಿಲ್ಲ. ತೊಡಕಿರುವುದು ಒಡೆತನದಲ್ಲಿ. ಗ್ರೂಪಿನ ಅಡ್ಮಿನ್ ಒಬ್ಬ ಸೂಪರ್‌ವೈಸರ್. ಅಡ್ಮಿನ್‌ಗಿರಿ ಇರುವುದು ಆತನ ಸ್ವಂತ ನಂಬರಿನಲ್ಲಿ. ಆತ ಬೇರೆ ಕಂಪನಿಗೆ ಹೋದರೆ ಎರಡು ವರ್ಷದ ಡ್ರಾಯಿಂಗುಗಳು ಆತನ ಫೋನಿನೊಂದಿಗೇ ಹೋಗುತ್ತವೆ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ನಿಂತು ಆರು ತಾಸಿನಷ್ಟು ಏಳಲಿಲ್ಲ. ರಾತ್ರಿ ಪಾಳಿ ನಡೆಸುವ ಕಡೆಗಳಲ್ಲಿ ಅದು ಕೆಲಸದ ನಟ್ಟನಡುವಿನ ಹೊತ್ತು. ಸ್ವಂತ ಸರ್ವರಿನ ಆಸೆ ಹುಟ್ಟುವುದು ಇಂಥ ಕಡೆಯಿಂದಲೇ, ಆ ಆಸೆ ನ್ಯಾಯವಾದದ್ದು.

ಆಸೆ ಯೋಜನೆಯಾಗುವಾಗ ಏನಾಗುತ್ತದೆ ಎಂಬುದಕ್ಕೆ ಓಪನ್‌ಫೈರ್ ಒಳ್ಳೆಯ ಉದಾಹರಣೆ. ಅದು ಜಾವಾದಲ್ಲಿ ಬರೆದ ಹಳೆಯ, ಗಟ್ಟಿಮುಟ್ಟಾದ ಸರ್ವರ್. 1999ರಲ್ಲಿ ಜ್ಯಾಬರ್ ಎಂಬ ಹೆಸರಿನಿಂದ ಹೊರಟ ಎಕ್ಸ್‌ಎಂಪಿಪಿ ಪದ್ಧತಿಯನ್ನು ಪಾಲಿಸುತ್ತದೆ. ಅದನ್ನು ಹಾಕುವುದು ಸಲೀಸು. ಬ್ರೌಸರಿನಲ್ಲಿ ನಾಲ್ಕೈದು ಪುಟ ತುಂಬಿ ಮುಂದೆ ಮುಂದೆ ಒತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಚಾಟ್ ಶುರು. ಈ ಸಲೀಸನ್ನು ನಾನು ಮೆಚ್ಚುತ್ತೇನೆ. ತಂತ್ರಜ್ಞರ ತಂಡವಿಲ್ಲದ ಊರಿಗೆ ಅದು ದೊಡ್ಡ ಉಪಕಾರ. ಆದರೆ 2023ರ ಮೇ ತಿಂಗಳಲ್ಲಿ ಅದರ ಆಡಳಿತ ಪುಟದಲ್ಲಿ ಗಂಭೀರ ಬಿರುಕೊಂದು ಬಯಲಾಯಿತು. ಮೊದಲ ಸಲ ಹಾಕುವಾಗ ಬಳಸುವ ಪುಟಗಳ ದಾರಿಯಿಂದ ಹೊರಗಿನವರು ಪಾಸ್‌ವರ್ಡ್ ಇಲ್ಲದೆ ಒಳನುಗ್ಗಬಹುದಿತ್ತು. ಹಾಗೆ ನುಗ್ಗಿದವರು ತಮಗೆ ಬೇಕಾದಂತೆ ಆಡಳಿತಗಾರನ ಖಾತೆ ಸೃಷ್ಟಿಸಿಕೊಂಡು, ದುರುದ್ದೇಶದ ಪ್ಲಗಿನ್ ಸೇರಿಸಿದರು. 2015ರಲ್ಲಿ ಬಂದ 3.10.0 ಆವೃತ್ತಿಯಿಂದಲೂ ಆ ಬಿರುಕು ಇತ್ತು. ತಯಾರಕರು 4.6.8 ಮತ್ತು 4.7.5 ಆವೃತ್ತಿಗಳಲ್ಲಿ ಅದನ್ನು ಮುಚ್ಚಿದರು. ಮುಚ್ಚಿದ್ದು ಅವರ ಕಡೆಯಿಂದ. ನಂಜನಗೂಡಿನ ಘಟಕದ ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿ ಅದು ಮುಚ್ಚಬೇಕಾದರೆ ಯಾರಾದರೂ ಕೂತು ಹೊಸ ಆವೃತ್ತಿ ಹಾಕಬೇಕು.

ಆ ಯಾರಾದರೂ ಯಾರು? ನಮ್ಮ ಕಡೆ ‘ಸಿಸ್ಟಂ ನೋಡಿಕೊಳ್ಳುವ ಹುಡುಗ’ ಎನ್ನುತ್ತೇವೆ. ಡಿಪ್ಲೊಮಾ ಅಥವಾ ಬಿಸಿಎ ಮುಗಿಸಿ ಸೇರಿದವನು. ಪ್ರಿಂಟರ್, ಸಿಸಿ ಕ್ಯಾಮೆರಾ, ಹಾಜರಾತಿ ಯಂತ್ರ, ಟ್ಯಾಲಿ ಎಲ್ಲವನ್ನೂ ಒಬ್ಬನೇ ನೋಡುತ್ತಾನೆ, ಅನುಭವ ಆದಮೇಲೆ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಹೋಗುವುದು ಅವನ ಹಕ್ಕು, ಅವನ ಬದುಕು. ಅವನು ಹೋದ ದಿನ ಸರ್ವರಿನ ಪಾಸ್‌ವರ್ಡ್, ಡೊಮೈನ್ ಹೆಸರು ನವೀಕರಿಸುವ ಇಮೇಲ್, ಬ್ಯಾಕಪ್ ಇಟ್ಟ ಡಿಸ್ಕ್ ಇವೆಲ್ಲ ಎಲ್ಲಿವೆ ಎಂಬುದು ಇನ್ನೊಬ್ಬರಿಗೆ ತಿಳಿಯದಿದ್ದರೆ ತಪ್ಪು ಯೋಜನೆ ಬರೆದವರದ್ದು. ಇಬ್ಬರು ಪಾಲಕರ ಹೆಸರಿಲ್ಲದ, ವಾರಕ್ಕೆ ಅವರ ಎಷ್ಟು ಹೊತ್ತು ಇದಕ್ಕೆ ಮೀಸಲು ಎಂದು ಬರೆಯದ ಯೋಜನೆಗೆ ಮಾಲೀಕರು ಸಹಿ ಹಾಕಬಾರದು. ಇಬ್ಬರನ್ನು ಇಡಲಾಗದಿದ್ದರೆ ಬಾಡಿಗೆಗೆ ಸಿಗುವ ಸೇವೆಯೇ ಮೇಲು; ಅದರಲ್ಲಿ ಅವಮಾನವೇನೂ ಇಲ್ಲ.

ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆ ಇದಾದ ಮೇಲೆ ಬರಲಿ. ಪಾಳಿಯ ಕಾರ್ಖಾನೆಗಳಿಗೆ ಜುಲಿಪ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಸಂದೇಶಕ್ಕೂ ಒಂದು ವಿಷಯದ ತಲೆಬರಹವಿರುತ್ತದೆ. ಬೆಳಗಿನ ಪಾಳಿಗೆ ಬಂದವರು ರಾತ್ರಿಯ ಮುನ್ನೂರು ಸಂದೇಶಗಳನ್ನು ಓದಬೇಕಿಲ್ಲ. ‘ಎರಡನೇ ಬಾಯ್ಲರ್’ ಎಂಬ ಎಳೆಯನ್ನು ತೆರೆದರೆ ಸಾಕು. ಯಂತ್ರದ ಅಗತ್ಯವೂ ಕಡಿಮೆ: ನೂರರೊಳಗಿನ ಬಳಕೆದಾರರಿಗೆ 2 ಜಿಬಿ ರ‍್ಯಾಮ್ ಕನಿಷ್ಠ, ಅದಕ್ಕಿಂತ ಹೆಚ್ಚಾದರೆ 4 ಜಿಬಿ. ಮ್ಯಾಟರ್‌ಮೋಸ್ಟ್ ನೋಡಲು ಪರಿಚಿತ, ಕಲಿಯುವುದು ಬೇಗ, ಆದರೆ ಎಳೆಗಳು ಒಂದರೊಳಗೊಂದು ಬೆರೆಯುತ್ತವೆ. ಮ್ಯಾಟ್ರಿಕ್ಸ್ ಎಂಬ ಮುಕ್ತ ಸಂದೇಶ ಪದ್ಧತಿಯ ಆಧಾರದ ವ್ಯವಸ್ಥೆಗೆ ಹೊರಡುವವರು ಒಂದು ಸಂಗತಿ ನೆನಪಿಡಬೇಕು: 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಭದ್ರತೆಯ ಕಾರಣ ನೀಡಿ ನಿರ್ಬಂಧಿಸಿದ 14 ಸಂದೇಶ ಆ್ಯಪ್‌ಗಳಲ್ಲಿ ಮ್ಯಾಟ್ರಿಕ್ಸ್‌ನ ಮುಖ್ಯ ಆ್ಯಪ್ ಎಲಿಮೆಂಟ್ ಕೂಡ ಇತ್ತು. ಸರ್ವರ್ ನಮ್ಮದಾದರೂ ಆ್ಯಪ್ ಇನ್ನೊಬ್ಬರದ್ದು. ಫೋನಿಗೆ ‘ಟಿಂಗ್’ ಎಂದು ಬರುವ ಸೂಚನೆಯೂ ಗೂಗಲ್, ಆ್ಯಪಲ್‌ಗಳ ದಾರಿಯಿಂದಲೇ ಬರಬೇಕು. ‘ಎಲ್ಲವೂ ನಮ್ಮಲ್ಲೇ ಇರುತ್ತದೆ’ ಎಂದು ಮಾಲೀಕರಿಗೆ ಮಾತು ಕೊಡುವ ಯೋಜನೆಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ. ಸೂಚನೆಯಲ್ಲಿ ಸಂದೇಶದ ಒಡಲು ಕಾಣದಂತೆ ಮಾಡುವ ಅನುಕೂಲವಿದೆ, ಅದನ್ನು ಬಳಸಬೇಕು.

ಕನ್ನಡದ ಬಗ್ಗೆ ಒಂದು ಸಾಲೂ ಇಲ್ಲದ ಯೋಜನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಟೈಪಿಸಿದ ಕನ್ನಡ ತೆರೆಯ ಮೇಲೆ ಮೂಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಹುಡುಕಾಟವನ್ನು ಪರೀಕ್ಷಿಸುವುದಿಲ್ಲ. ನಮ್ಮ ಪದಗಳು ವಿಭಕ್ತಿ ಹತ್ತಿದ ಕೂಡಲೇ ರೂಪ ಬದಲಿಸುತ್ತವೆ. ಒಬ್ಬರು ‘ಪಂಪಿನ ಬೇರಿಂಗ್ ಹೋಗಿದೆ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಪಂಪಿಗೆ ಎಣ್ಣೆ ಹಾಕಿದೆ’ ಎಂದು. ‘ಪಂಪು’ ಎಂದು ಹುಡುಕಿದರೆ ಇಂಗ್ಲಿಷಿಗಾಗಿ ಹೊಂದಿಸಿದ ಹುಡುಕಾಟಕ್ಕೆ ಎರಡೂ ಸಿಗುವುದಿಲ್ಲ. ಎಲ್ಲ ಭಾಷೆಗಳ ಹುಡುಕಾಟಕ್ಕೆಂದು ಪಿಗ್ರೂಂಗಾ ಎಂಬ ಜೋಡಣೆಗೆ ಜುಲಿಪ್‌ನಲ್ಲಿ ಅವಕಾಶವಿದೆ. ಅದನ್ನು ಹಾಕಿ, ಕಾರ್ಖಾನೆಯ ನಿಜವಾದ ಸಂದೇಶಗಳ ಮೇಲೆ ಪರೀಕ್ಷಿಸಲು ಯೋಜನೆಯಲ್ಲಿ ಒಂದು ವಾರ ಇರಬೇಕು. ಓಪನ್‌ಫೈರನ್ನು ಮೈಎಸ್‌ಕ್ಯೂಎಲ್ ಜೊತೆ ಕೂಡಿಸುವವರು ಡೇಟಾಬೇಸನ್ನು ಹಳೆಯ ಯುಟಿಎಫ್8ನಲ್ಲಿ ಬಿಟ್ಟರೆ ಕನ್ನಡದ ಅಕ್ಷರಗಳು ಹಿಡಿಸುತ್ತವೆ, ಹೆಬ್ಬೆರಳಿನ ಚಿತ್ರ ಹಿಡಿಸುವುದಿಲ್ಲ. ಆ ಚಿತ್ರವೇ ಅರ್ಧ ಜನರ ಉತ್ತರ. ಯುಟಿಎಫ್8ಎಂಬಿ4 ಎಂದು ಮೊದಲೇ ಬರೆದಿಡಬೇಕು.

ಇನ್ನು ನೆಲದ ವಿಚಾರ. ಸಣ್ಣ ಊರಿನ ಫೈಬರ್ ಸಂಪರ್ಕಗಳಲ್ಲಿ ಬಹುಪಾಲಿಗೆ ಸ್ವಂತದ ಸ್ಥಿರ ಐಪಿ ವಿಳಾಸ ಇರುವುದಿಲ್ಲ. ಅನೇಕ ಗ್ರಾಹಕರು ಒಂದೇ ವಿಳಾಸದ ಹಿಂದೆ ಇರುತ್ತಾರೆ. ಹೊರಗಿನಿಂದ ಫೋನು ಸರ್ವರನ್ನು ತಲುಪಬೇಕಾದರೆ ಸ್ಥಿರ ವಿಳಾಸ ಕೊಳ್ಳಬೇಕು. ಇದು ಗೊತ್ತಾಗುವುದು ಎಲ್ಲ ಮುಗಿದ ಮೇಲೆ, ಆಗ ‘ಕಾರ್ಖಾನೆಯೊಳಗೆ ಮಾತ್ರ ನಡೆಯಲಿ ಬಿಡಿ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನ ಈ ಊರಿಗೆ ಒಗ್ಗದು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ಸಾವಿರಕ್ಕೂ ಹೆಚ್ಚು ಜನ ಒಮ್ಮೆಲೇ ಮನೆಯೊಳಗೆ ಉಳಿಯಬೇಕಾಯಿತು. ನೌಕರರನ್ನು ತಲುಪುವುದು ಅತ್ಯಂತ ಅಗತ್ಯವಾಗುವ ದಿನಗಳಲ್ಲಿ ಅವರು ಕಾರ್ಖಾನೆಯಲ್ಲಿ ಇರುವುದೇ ಇಲ್ಲ.

ಮಳೆಗಾಲವೂ ಅಷ್ಟೇ. ಬೀಚನಹಳ್ಳಿಯ ಕಬಿನಿ (ಕಪಿಲೆ) ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೊದಲು ನಂಜನಗೂಡಿನ ಹದಿನಾರು ಕಾಲು ಮಂಟಪ, ಪರಶುರಾಮ ದೇವಸ್ಥಾನದ ಸುತ್ತ ನೀರು ಏರುತ್ತದೆ, ಆಮೇಲೆ ಅದೇ ನೀರು ತಿ. ನರಸೀಪುರದ ಸಂಗಮಕ್ಕೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಬಂದು ಮೈಸೂರು ದಾರಿ ಬಂದ್ ಆಯಿತು. ಅಂಥ ದಿನ ಮೈಸೂರಿನಿಂದ ರಿಪೇರಿಗೆ ಜನ ಬರಲಾರರು. ಸರ್ವರ್ ಇರುವ ಕೋಣೆ ನೆಲಮಹಡಿಯಲ್ಲಿದೆಯೇ, ಸೆಸ್ಕ್ ಕರೆಂಟು ಹೋದಮೇಲೆ ಯುಪಿಎಸ್ ಎಷ್ಟು ಹೊತ್ತು ಹಿಡಿಯುತ್ತದೆ, ಜನರೇಟರಿನ ಲೈನು ಯಂತ್ರಗಳಿಗೆ ಮಾತ್ರವೋ ರೌಟರಿಗೂ ಉಂಟೋ ಎಂಬುದನ್ನು ಎಲೆಕ್ಟ್ರಿಶಿಯನ್ ಜೊತೆ ನಿಂತು ನೋಡಿ ಬರೆಯಬೇಕು. ಬ್ಯಾಕಪ್‌ನ ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಆ ಪ್ರತಿಯಿಂದ ಸರ್ವರನ್ನು ಮತ್ತೆ ಎಬ್ಬಿಸಿ ನೋಡಿರಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾನೂನಿನ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ದೇಶದೊಳಗೆ ಇಡಬೇಕು, ಗಡಿಯಾರವನ್ನು ಸರ್ಕಾರಿ ಸಮಯ ಸರ್ವರುಗಳಿಗೆ ಹೊಂದಿಸಬೇಕು, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ಅದೇ ವರ್ಷ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಕೊಟ್ಟದ್ದೇ ಅವೂ ಇದರೊಳಗೆ ಬರುತ್ತವೆ ಎಂಬುದಕ್ಕೆ ಸಾಕ್ಷಿ.

ತಿ. ನರಸೀಪುರದ ಕಡೆ ತಿರುಗಿದರೆ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಅಲ್ಲಿ ಹೆಚ್ಚಿನ ಮಾತು ಸರ್ಕಾರಿ ಕಚೇರಿಗಳದ್ದು: ಕಂದಾಯ, ಪಂಚಾಯತಿ, ಕೃಷಿ, ಅರಣ್ಯ, ಆರೋಗ್ಯ. ತಾಲ್ಲೂಕು ಕಚೇರಿಯೊಂದು ತಾನೇ ಸರ್ವರ್ ಹಾಕಿಕೊಳ್ಳಲು ಹೊರಡುವುದನ್ನು ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ಮಾಹಿತಿ ಕೇಂದ್ರ 2021ರಲ್ಲಿ ‘ಸಂದೇಸ್’ ಎಂಬ ವ್ಯವಸ್ಥೆ ಬಿಡುಗಡೆ ಮಾಡಿತು. ಸರ್ಕಾರಿ ಇಮೇಲ್ ಅಥವಾ ಮೊಬೈಲ್ ಸಂಖ್ಯೆಯಿಂದ ಸೇರಬಹುದು, ಸರ್ವರ್ ಸರ್ಕಾರದ್ದೇ. ಇರುವುದನ್ನು ಬಳಸುವ ಆದೇಶ ಮತ್ತು ಅಭ್ಯಾಸ ಬೇಕು. ದೊಡ್ಡ ಸರ್ಕಾರವೇ ಮಾಡಿದರೂ ಎಚ್ಚರ ತಪ್ಪುವಂತಿಲ್ಲ ಎಂಬುದಕ್ಕೆ ಫ್ರಾನ್ಸಿನ ಅನುಭವವಿದೆ. 2019ರ ಏಪ್ರಿಲ್‌ನಲ್ಲಿ ಅದು ತನ್ನ ಅಧಿಕಾರಿಗಳಿಗೆಂದು ಮ್ಯಾಟ್ರಿಕ್ಸ್ ಆಧಾರದ ಚಾಪ್ ಎಂಬ ಆ್ಯಪ್ ತೆರೆದ ಕೂಡಲೇ ಸಂಶೋಧಕರೊಬ್ಬರು ಸರ್ಕಾರಿ ಇಮೇಲ್ ಇಲ್ಲದೆಯೇ ಖಾತೆ ತೆರೆದು ತೋರಿಸಿದರು. ಖಾತೆ ಯಾರಿಗೆ, ಯಾರ ಒಪ್ಪಿಗೆಯಿಂದ ಎಂಬ ಹೊಸ್ತಿಲಲ್ಲೇ ಅಲ್ಲಿಯೂ ಎಡವಿದ್ದು.

ಸರ್ಕಾರಿ ನೌಕರರ ಮಟ್ಟಿಗೆ ಇನ್ನೊಂದು ನೋವಿದೆ. 2024ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಮೊಬೈಲ್ ಆ್ಯಪ್‌ಗಳ ಹೊರೆ ಅವರ ದೂರುಗಳಲ್ಲಿ ಮುಖ್ಯವಾಗಿತ್ತು. ಇನ್ನೊಂದು ಚಾಟ್ ಆ್ಯಪ್ ಅವರ ಫೋನಿಗೆ ಸೇರಿಸುವ ಮುನ್ನ ಯಾವ ಗ್ರೂಪ್ ಮುಚ್ಚುತ್ತೇವೆ ಎಂದು ಯೋಜನೆ ಹೇಳಬೇಕು. ರಾತ್ರಿ ಎಂಟರ ನಂತರದ ಸಂದೇಶಕ್ಕೆ ಬೆಳಿಗ್ಗೆ ಉತ್ತರಿಸಿದರೆ ಸಾಕೆಂಬ ಸಾಲೂ ಅದರಲ್ಲಿರಬೇಕು. ಫೋನು ಅವರದ್ದು, ಡೇಟಾ ಅವರದ್ದು, ನಿದ್ದೆಯೂ ಅವರದ್ದು.

ಸಾರ್ವಜನಿಕರಿಂದ ಬರುವ ಸುದ್ದಿಯನ್ನೂ ಇಲಾಖೆಯೊಳಗಿನ ಮಾತನ್ನೂ ಬೇರೆ ಮಾಡುವುದು ಇಲ್ಲಿ ಜೀವದ ಪ್ರಶ್ನೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಈ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು, ಆಮೇಲೆ ಚಿರತೆ ಕಾರ್ಯಪಡೆ ರಚನೆಯಾಯಿತು. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡ ರೈತ ವಾಟ್ಸ್‌ಆ್ಯಪ್‌ನಲ್ಲೋ ಫೋನಿನಲ್ಲೋ ತಿಳಿಸುತ್ತಾನೆ, ಅವನಿಗೆ ಸಂದೇಸ್ ಕಲಿಸುವುದು ಬೇಡ. ಆದರೆ ಬೋನು ಎಲ್ಲಿಟ್ಟಿದ್ದಾರೆ, ತಂಡ ಎಲ್ಲಿದೆ ಎಂಬ ಮಾತು ಹಳ್ಳಿಯ ಗ್ರೂಪಿಗೆ ಹಾರಿದರೆ ಜನ ಗುಂಪುಗೂಡುತ್ತಾರೆ, ಕೆಲಸ ಕೆಡುತ್ತದೆ. ಎರಡರ ನಡುವೆ ಸುದ್ದಿ ದಾಟಿಸುವ ಒಬ್ಬ ವ್ಯಕ್ತಿ ಬೇಕು, ಪಾಳಿಯ ಪ್ರಕಾರ, ಹೆಸರು ಹಿಡಿದು.

ಸಂಗಮದ ಕುಂಭಮೇಳಕ್ಕೂ ಇದೇ ಅಳತೆ ಹಿಡಿಯಬಹುದು. 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ನಡೆದುಬಂದದ್ದು, ಕಳೆದದ್ದು 2025ರ ಫೆಬ್ರುವರಿ 10ರಿಂದ 12ರವರೆಗೆ. ಆ ಲೆಕ್ಕದಂತೆ ಮುಂದಿನದು 2028ಕ್ಕೆ. ಲಕ್ಷಾಂತರ ಜನ ಸೇರಿದಾಗ ಮೊಬೈಲ್ ಟವರುಗಳೇ ಸೋಲುತ್ತವೆ, ಆದ್ದರಿಂದ ನದಿಯಂಚಿನ ಈಜುಗಾರರಿಗೂ ಪೊಲೀಸರಿಗೂ ವೈರ್‌ಲೆಸ್ ಸೆಟ್ಟೇ ಮೊದಲ ಸಾಧನವಾಗಿರಲಿ. ಚಾಟ್ ಗುಂಪು ಇಲಾಖೆಗಳ ನಡುವಿನ ಲೆಕ್ಕ, ಫೋಟೊ, ಪಟ್ಟಿಗಳಿಗೆ ಸಾಕು. ಅದನ್ನೂ ಮೇಳದ ಹಿಂದಿನ ವಾರ ತೆರೆದರೆ ಯಾರೂ ಬಳಸುವುದಿಲ್ಲ, ಎಲ್ಲರೂ ಹಳೆಯ ವಾಟ್ಸ್‌ಆ್ಯಪ್ ಗ್ರೂಪಿಗೇ ಮರಳುತ್ತಾರೆ. ಆರು ತಿಂಗಳು ಮುಂಚೆಯೇ ದಿನದ ಕೆಲಸಕ್ಕೆ ಬಳಸಿ ಕೈಗೆ ರೂಢಿಯಾಗಿರಬೇಕು. ಮೇಳ ಮುಗಿದ ಮೇಲೆ ಆ ಗುಂಪನ್ನು ಮುಚ್ಚಿ, ಅದರ ದಾಖಲೆಯನ್ನು ತಾಲ್ಲೂಕು ಕಚೇರಿಯ ಕಡತಕ್ಕೆ ಸೇರಿಸುವ ಅಧಿಕಾರಿ ಯಾರೆಂದು ಮೊದಲ ಆದೇಶದಲ್ಲೇ ನಮೂದಿಸಬೇಕು, ನಾಳೆ ಮಾಹಿತಿ ಹಕ್ಕಿನಡಿ ಯಾರಾದರೂ ಕೇಳಿದರೆ ಕೊಡಲು ಅದು ಕಚೇರಿಯಲ್ಲೇ ಇರಬೇಕು.