ಹಾಸರೆಯಿಂದ ಕುರುವದವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಐದು ತಾಲೂಕುಗಳ ನೆಲದ ನುಡಿಗಳನ್ನು ಕೂಡಿಟ್ಟುಕೊಳ್ಳುವುದು ನನ್ನ ಬಹುಕಾಲದ ಹುಚ್ಚು. ಮಳೆ ಕಡಿಮೆಯಿರುವ ಈ ಸೀಮೆಯ ಜನ ನೀರು ಎಲ್ಲಿ ಜಾರುತ್ತದೆ, ಎಲ್ಲಿ ಇಂಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆಲ್ಲ ಬೇರೆಬೇರೆ ಹೆಸರಿಟ್ಟರು. ಆ ಹೆಸರುಗಳ ಜಾಡು ಹಿಡಿಯಲು ಮಳೆನೀರಿನ ಹಿಂದೆ ಹೋಗುವುದೇ ಸರಿ.

ಕರಡಿಧಾಮವಾಗಿ ಹೆಸರಾದ ಗುಡೇಕೋಟೆಯ ಗುಡ್ಡಗಳಿಂದ ಹೊರಡೋಣ. ಇಲ್ಲಿ ಮಳೆ ಮೊದಲು ಬೀಳುವುದು ಹಾಸರೆಯ ಮೇಲೆ. ನೆಲಕ್ಕೆ ಹಾಸಿದಂತಿರುವ ಬಂಡೆ ಹಾಸರೆ, ಹಳಗನ್ನಡದಲ್ಲಿ ಪಾಸಱೆ. ಕೊನೆಯ 'ಅಱೆ'ಗೆ ಬಂಡೆಯೆಂದೇ ಅರ್ಥ. ಹಾಸರೆಯ ಕುಳಿಯಲ್ಲಿ ನೀರು ತಂಗಿದರೆ ಅದು ದೊಣೆ. ಕುರಿ ಮೇಯಿಸುವವರಿಗೆ ದೊಣೆಯ ನೆಲೆ ಗೊತ್ತಿರಲೇಬೇಕು. ದೊಣೆಗಿಂತ ಹಿರಿದಾದುದು ಹೊಂಡ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗಕ್ಕೆ ಹೋದವರು ಆನೆಹೊಂಡವನ್ನು ನೋಡಿಯೇ ಇರುತ್ತಾರೆ.

ಬಂಡೆಯಿಂದ ಇಳಿದ ನೀರು ಮರಡಿಗೆ ಬರುತ್ತದೆ. ಗರಸು ತುಂಬಿದ ಬೋಳು ದಿಬ್ಬವದು. ನೇಗಿಲಿಗೆ ಒಗ್ಗದು, ದನ ಮೇಯಲು ಆದೀತು. ದತ್ತಿಬಿಟ್ಟ ಭೂಮಿಯ ಎಲ್ಲೆ ಹೇಳುವಾಗ ನಮ್ಮ ಶಾಸನಗಳು ಹಳ್ಳ, ನಟ್ಟ ಕಲ್ಲು, ಹೆಬ್ಬಟ್ಟೆಗಳ ಜೊತೆಗೆ ಮರಡಿಯನ್ನೂ ಮೊರಡಿ ಎಂಬ ರೂಪದಲ್ಲಿ ಹೆಸರಿಸುತ್ತವೆ. ಮರಡಿಯ ಕೆಳಗೆ ಮಸಾರಿ, ಅದರಾಚೆ ಎರೆ. ಕೆಂಪು ಮಸಾರಿ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅಲ್ಲಿ ಮುಂಗಾರಿಯ ಶೇಂಗಾ, ನವಣೆ, ಸಜ್ಜೆ. ಕಪ್ಪು ಎರೆ ಹಸಿಯನ್ನು ಬಹುಕಾಲ ಹಿಡಿದಿಡುತ್ತದೆ. ಅಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ.

ಹರಿದುಹೋಗುವ ನೀರು ಕೊರೆದ ಸೀಳು ಕೊರಕಲು. ಕೊರಕಲುಗಳು ಕೂಡಿದರೆ ಸರುವು, ಸರುವುಗಳು ಕೂಡಿದರೆ ಹಳ್ಳ. ಹಳ್ಳ ಬತ್ತಿದ ಮೇಲೂ ನೀರುಳಿಯುವ ಆಳದ ತಾವು ಮಡು. ಕೂಡ್ಲಿಗಿ ತಾಲೂಕಿನ ಕಾನಾಮಡುಗು ಆ ಮಾತನ್ನು ಊರ ಹೆಸರಿನಲ್ಲೇ ಉಳಿಸಿಕೊಂಡಿದೆ. ತೆಲುಗಿನಲ್ಲೂ ಮಡು ಎಂದರೆ ಮಡುಗೇ. ಹಿರೇಕುಂಬಳಗುಂಟೆ ಎಂಬ ಊರ ಹೆಸರಿನ ಕೊನೆಯಲ್ಲಿರುವುದು ಕುಂಟೆ, ಎಂದರೆ ಸಣ್ಣ ಕೆರೆ. ದೊಡ್ಡ ಕೆರೆಯನ್ನು ಹಿಂದಿನವರು ಸಮುದ್ರವೆಂದೇ ಕರೆದರು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ, ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಆ ಕೆರೆ, 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಮುಂದೆ ಚಿಕ್ಕ ಹಗರಿ ಹೊಳೆ. ಬೇಸಿಗೆಯಲ್ಲಿ ಮರಳು ತೋಡಿ ನೀರು ಮೊಗೆಯುವ ಗುಂಡಿಗೆ ಜನ ವರ್ತಿ ಎನ್ನುತ್ತಾರೆ. ಗ್ರಂಥದ ಭಾಷೆಯಲ್ಲಿ ಒರತೆ. ಮರಳೇ ಹೋದರೆ ವರ್ತಿಯೂ ಇಲ್ಲ, ಆ ಮಾತೂ ಇಲ್ಲ. ಹಗರಿ ಸೇರುವುದು ತುಂಗಭದ್ರೆಯನ್ನು. 1953ರಲ್ಲಿ ಅಣೆಕಟ್ಟು ಎದ್ದ ಮೇಲೆ ಹೊಳೆಸಾಲಿನವರ ಬಾಯಿಗೆ ಹಿನ್ನೀರು ಎಂಬ ಹೊಸ ಮಾತು ಬಂತು. ಹೊಳೆಯ ನಡುವಿನ ದ್ವೀಪಕ್ಕೆ ಹಳೆಯ ಹೆಸರು ಕುರುವ. ಕೃಷ್ಣೆಯ ನಡುವೆ ರಾಯಚೂರಿನ ಕುರುವಪುರವಿದೆ. ತುಂಗಭದ್ರೆಯ ದಡದ ಕುರುವತ್ತಿಗೆ ಶಿಲ್ಪ ನೋಡಲು ಹೋದಾಗಲೆಲ್ಲ ನನ್ನ ನಾಲಗೆಗೆ ಬರುವುದು ಈ ಮಾತೇ.

ಇಂಗ್ಲೆಂಡಿನ ಲೇಖಕ ರಾಬರ್ಟ್ ಮ್ಯಾಕ್‌ಫರ್ಲೇನ್ ತಮ್ಮ ದ್ವೀಪಗಳ ಇಂಥ ನುಡಿಗಳನ್ನು ಕಲೆಹಾಕಿ 2015ರಲ್ಲಿ 'ಲ್ಯಾಂಡ್‌ಮಾರ್ಕ್ಸ್' ಪುಸ್ತಕ ತಂದರು. ನಮ್ಮ ಸೀಮೆಗೆ ಆ ಕೆಲಸ ಇನ್ನೂ ತುರ್ತಿನದು, ಏಕೆಂದರೆ ಇಲ್ಲಿ ಈ ಮಾತುಗಳು ಬೇಸಾಯದ ಬುದ್ಧಿ. ಕಂದಾಯದ ದಾಖಲೆಗೆ ಹೊಲವೆಂದರೆ ಖುಷ್ಕಿ, ತರಿ, ಬಾಗಾಯತು, ಅಷ್ಟೇ. ಕೃಷಿಹೊಂಡ ತೋಡುವ ರೈತನಿಗೆ ಅದು ಸಾಲದು. ಮಸಾರಿಯಲ್ಲಿ ತೋಡಿದ ಹೊಂಡಕ್ಕೆ ತಾಡಪಾಲು ಹೊದಿಸದಿದ್ದರೆ ನೀರು ನಿಲ್ಲದು ಎಂಬ ಎಚ್ಚರ ಮಸಾರಿ ಎಂಬ ಮಾತಿನೊಳಗೇ ಇದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಗ್ರಾಮನಕ್ಷೆಯ ಒಂದು ಪ್ರತಿ ತನ್ನಿ. ಕುರಿ ಕಾಯುವ ಹಿರಿಯರನ್ನೂ ಕಳೆ ತೆಗೆಯುವ ಅವ್ವಂದಿರನ್ನೂ ಕೂರಿಸಿಕೊಂಡು, ಒಂದೊಂದು ಸರ್ವೆ ನಂಬರಿನ ಪಕ್ಕದಲ್ಲಿ ಅವರು ಹೇಳುವ ಹೆಸರನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ. ಬರೆದದ್ದನ್ನು ಊರ ಶಾಲೆಗೂ ಪಂಚಾಯಿತಿಗೂ ಕೊಡಿ. ಮುಂದೆ ಹಳ್ಳಕ್ಕೆ ಒಡ್ಡು ಹಾಕುವವರು, ಕೆರೆಯ ಹೂಳು ತೆಗೆಯುವವರು ಮೊದಲು ಆ ನಕ್ಷೆಯನ್ನು ಓದಲಿ.