ಎರಡು ಕೊಡುಗೆಗಳ ನಡುವೆ: ಇಂಗ್ಲಿಷಿನ ‘ಗಿವ್’ ಮತ್ತು ಕೊಡವ ತಕ್ಕ್

ಕೊಡಗಿನ ಸಾಹಿತ್ಯದ ಅನುವಾದವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ದೊಡ್ಡ ಪದಗಳ ಸುತ್ತಲೇ ನಡೆದುಬಂದಿದೆ. ಒಕ್ಕ, ಐನ್‌ಮನೆ, ಕೈಮಡ, ಮಂದ್ ಮುಂತಾದ ಪದಗಳಿಗೆ ಅನ್ಯಭಾಷೆಯಲ್ಲಿ ಸಮಾನಪದವಿಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅವನ್ನು ಹಾಗೆಯೇ ಉಳಿಸಿಕೊಂಡು ವಿವರಣೆ ಬರೆಯುವುದು ರೂಢಿಯಾಗಿದೆ. ಅನುವಾದಕನು ಎಚ್ಚರವಾಗಿರುವ ಕಡೆ ನಷ್ಟ ಕಡಿಮೆ. ಎಚ್ಚರದ ಅಗತ್ಯವೇ ಇಲ್ಲವೆಂದು ತೋರುವ ಹೋಗು, ಬರು, ಕೊಡು, ತರು ಎಂಬಂಥ ಪುಟ್ಟ ಕ್ರಿಯಾಪದಗಳಲ್ಲಿ ಆಗುವ ನಷ್ಟ ಮಾತ್ರ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಇಂಗ್ಲಿಷಿನ ‘ಗಿವ್’ ಎಂಬ ನಿತ್ಯಬಳಕೆಯ ಕ್ರಿಯಾಪದ ಕೊಡವ ತಕ್ಕಿಗೆ ಬರುವಾಗ, ಕೊಡವ ತಕ್ಕಿನ ಕೊಡುವಿಕೆ ಕನ್ನಡದ ಮೂಲಕ ಇಂಗ್ಲಿಷಿಗೆ ಹೋಗುವಾಗ ಏನಾಗುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಡವ ತಕ್ಕಿನಲ್ಲಿ ‘ಗಿವ್’ ಎಂಬುದಕ್ಕೆ ಒಂದು ಪದವಿಲ್ಲ, ಎರಡಿವೆ. ಪಡೆಯುವವನು ಉತ್ತಮ ಅಥವಾ ಮಧ್ಯಮ ಪುರುಷನಾಗಿದ್ದರೆ ‘ತಾ’. ಪ್ರಥಮ ಪುರುಷನಾಗಿದ್ದರೆ ‘ಕೊಡ್’. ‘ನನಗೆ ಕೊಡು’ ಎನ್ನಲು ‘ನಾಕ್ ತಾ’ ಎನ್ನಬೇಕು. ‘ಅವನಿಗೆ ಕೊಡು’ ಎನ್ನಲು ‘ಕೊಡ್’ ಬರಬೇಕು. ಇಲ್ಲಿ ಕೊಡುವವನು ಯಾರೆಂಬುದು ಮುಖ್ಯವಲ್ಲ. ನಾನು ನಿನಗೆ ಕೊಟ್ಟರೂ, ನೀನು ನನಗೆ ಕೊಟ್ಟರೂ, ಮೂರನೆಯವನು ನಮ್ಮಲ್ಲಿ ಒಬ್ಬರಿಗೆ ಕೊಟ್ಟರೂ ಕ್ರಿಯೆ ‘ತಾ’ ಧಾತುವಿನದೇ. ಕೊಟ್ಟ ವಸ್ತು ಮಾತನಾಡುತ್ತಿರುವ ಇಬ್ಬರ ವಲಯದೊಳಗೆ ಬಂದು ಸೇರಿತೋ, ಅದರ ಹೊರಗೆ ಹೋಯಿತೋ ಎಂಬುದೊಂದೇ ಲೆಕ್ಕ.

ಇದು ಕೊಡಗಿನ ಪ್ರಾದೇಶಿಕ ವೈಚಿತ್ರ್ಯವಲ್ಲ. ಮಲೆಯಾಳದಲ್ಲಿ ‘ತರುಕ’ ಮತ್ತು ‘ಕೊಡುಕ್ಕುಕ’ ಎಂಬ ಎರಡು ಕ್ರಿಯಾಪದಗಳು ಇದೇ ಭೇದವನ್ನು ಇಂದಿಗೂ ಕಾಪಾಡಿಕೊಂಡಿವೆ. ನೀಲಗಿರಿಯ ತೋಡ, ಕೋತ ಭಾಷೆಗಳಲ್ಲಿಯೂ ಅದಿದೆ. ತಮಿಳಿನ ತೊಲ್ಕಾಪ್ಪಿಯಂ ಬರುವಿಕೆ ಮತ್ತು ತರುವಿಕೆಗಳನ್ನು ಉತ್ತಮ, ಮಧ್ಯಮ ಪುರುಷಗಳಿಗೂ ಹೋಗುವಿಕೆ ಮತ್ತು ಕೊಡುವಿಕೆಗಳನ್ನು ಪ್ರಥಮ ಪುರುಷಕ್ಕೂ ವಿಧಿಸಿದೆ. ಅದೇ ಗ್ರಂಥ ಬೇರೊಂದು ಸಂದರ್ಭದಲ್ಲಿ ‘ಈ’, ‘ತಾ’, ‘ಕೊಡು’ ಎಂಬ ಮೂರನ್ನು ಬೇಡುವವನ ಅಂತಸ್ತಿಗೆ ತಕ್ಕಂತೆ ಹಂಚುತ್ತದೆ: ಕಿರಿಯನು ಬೇಡುವಾಗ ಒಂದು, ಸಮಾನನು ಕೇಳುವಾಗ ಇನ್ನೊಂದು, ಹಿರಿಯನು ಕೇಳುವಾಗ ಮತ್ತೊಂದು. ಕೊಡವ ತಕ್ಕಿನ ಭೇದ ಮೊದಲನೆಯ ವಿಭಜನೆಗೆ ಸೇರಿದ್ದೇ ಹೊರತು ಎರಡನೆಯದಕ್ಕಲ್ಲ. ‘ತಾ’ ಎಂಬುದನ್ನು ವಿನಯದ ಅಥವಾ ಸಲಿಗೆಯ ರೂಪವೆಂದು ವಿವರಿಸುವುದು ಈ ಎರಡು ಸೂತ್ರಗಳನ್ನು ಕಲಸಿದ್ದರ ಫಲ.

ಈ ಸಮಸ್ಯೆಯನ್ನು ಆಧುನಿಕ ಭಾಷಾವಿಜ್ಞಾನದ ಚೌಕಟ್ಟಿನಲ್ಲಿಟ್ಟು ನೋಡಿದವರು ಎಂ. ಬಿ. ಎಮಿನೊ. 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ, ಕೊಡವ ಮುಂತಾದ ಭಾಷೆಗಳ ಕ್ಷೇತ್ರಕಾರ್ಯ ನಡೆಸಿದ ಅವರು, ದ್ರಾವಿಡದ ‘ಬರು’ ಮತ್ತು ‘ಕೊಡು’ ಕ್ರಿಯಾಪದಗಳನ್ನೇ ವಿಷಯವಾಗಿಟ್ಟು ಬರೆದ ದೀರ್ಘ ಪ್ರಬಂಧ 1945ರಲ್ಲಿ ಅಮೆರಿಕದ ‘ಲ್ಯಾಂಗ್ವೇಜ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಎರಡನ್ನೂ ಒಂದೇ ಪ್ರಬಂಧದಲ್ಲಿ ಸೇರಿಸಿದ್ದು ಆಕಸ್ಮಿಕವಲ್ಲ. ಕೊಡವ ತಕ್ಕಿನಲ್ಲಿ ಬಾ, ಬಪ್ಪ್-, ಬಂದ್- ಎಂದು ನಡೆಯುವ ರೂಪಗಳಿಗೆ ಸರಿಜೋಡಿಯಾಗಿ ತಾ, ತಪ್ಪ್-, ತಂದ್- ಎಂಬ ರೂಪಗಳಿವೆ. ಕನ್ನಡದಲ್ಲಿಯೂ ಬಾ–ಬರು–ಬಂದ, ತಾ–ತರು–ತಂದ ಎಂಬ ಜೋಡಿ ಹಾಗೆಯೇ ಉಳಿದಿದೆ. ಅಂದರೆ ‘ತಾ’ ಎಂಬ ಕೊಡುವಿಕೆ ರೂಪದಲ್ಲಿಯೂ ದಿಕ್ಕಿನಲ್ಲಿಯೂ ‘ಬರುವಿಕೆ’ಯ ಒಡಹುಟ್ಟು. ಒರಿಸ್ಸಾದ ಕುಯಿ ಭಾಷೆಯಲ್ಲಂತೂ ಈ ಭೇದ ‘ಕೊಡು’ವಿನಷ್ಟಕ್ಕೆ ನಿಲ್ಲದೆ, ಕ್ರಿಯೆ ನನ್ನನ್ನೋ ನಿನ್ನನ್ನೋ ತಲುಪುತ್ತದೆಂದು ಸೂಚಿಸುವ ಪ್ರತ್ಯಯವಾಗಿ ಇತರ ಕ್ರಿಯಾಪದಗಳಿಗೂ ಹಬ್ಬಿದೆ.

ಜಪಾನೀ ಭಾಷೆಯನ್ನು ಇಲ್ಲಿ ಹೋಲಿಕೆಗೆ ತರಬಹುದು. ಅದರಲ್ಲಿಯೂ ಕೊಡುವಿಕೆಗೆ ಪ್ರತ್ಯೇಕ ಕ್ರಿಯಾಪದಗಳಿದ್ದು, ನನಗೆ ಅಥವಾ ನನ್ನವರಿಗೆ ಕೊಟ್ಟದ್ದನ್ನು ‘ಕುರೆರು’ ಎಂದೂ ಅನ್ಯರಿಗೆ ಕೊಟ್ಟದ್ದನ್ನು ‘ಅಗೆರು’ ಎಂದೂ ಹೇಳುತ್ತಾರೆ. ಆದರೆ ‘ನಾನು ನಿನಗೆ ಕೊಡುತ್ತೇನೆ’ ಎಂಬಲ್ಲಿ ಜಪಾನೀಯನು ಬಳಸುವುದು ‘ಅಗೆರು’ವನ್ನೇ, ಅಲ್ಲಿ ‘ನೀನು’ ಅನ್ಯರ ಸಾಲಿಗೆ ಸೇರುತ್ತಾನೆ. ಕೊಡವ ತಕ್ಕಿನಲ್ಲಿ ‘ನೀನು’ ನನ್ನ ಸಾಲಿನಲ್ಲಿದ್ದಾನೆ. ಎದುರು ನಿಂತು ಮಾತನಾಡುವವನು, ಅವನು ವ್ಯಾಜ್ಯದ ಎದುರು ಕಕ್ಷಿಯೇ ಆಗಿರಲಿ, ವ್ಯಾಕರಣದ ಮಟ್ಟಿಗೆ ಒಳಗಿನವನೇ. ಇಂಗ್ಲಿಷಾಗಲಿ, ನಾರ್ವೇಜಿಯನ್‌ನಂಥ ಅದರ ಬಂಧುಭಾಷೆಗಳಾಗಲಿ ತಮ್ಮ ಕೊಡುವಿಕೆಯಲ್ಲಿ ಈ ಗೆರೆಯನ್ನು ಎಲ್ಲಿಯೂ ಎಳೆಯುವುದಿಲ್ಲ.

ಕನ್ನಡದ ಪಾತ್ರವೇನು? ಕೊಡಗಿನಲ್ಲಿ ಬರವಣಿಗೆಯ ಭಾಷೆ ಬಹುಕಾಲದಿಂದ ಕನ್ನಡ. ಹಾಲೇರಿ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ ರಚಿತವಾದದ್ದು ಕನ್ನಡದಲ್ಲಿ. 1834ರಲ್ಲಿ ರಾಜ್ಯ ಬ್ರಿಟಿಷರ ವಶವಾದ ಬಳಿಕವೂ ಶಾಲೆಯ ಭಾಷೆಯಾಗಿ ಕನ್ನಡ ಮುಂದುವರಿಯಿತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದಾಗ ಅದರ ಹಾಡುಗಳು ಕೊಡವ ತಕ್ಕಿನಲ್ಲಿಯೂ ಲಿಪಿ ಕನ್ನಡದಲ್ಲಿಯೂ ಇದ್ದವು. ಹೀಗೆ ಕೊಡವ ತಕ್ಕಿನ ಪ್ರತಿಯೊಂದು ಪದವೂ ಓದುಗನನ್ನು ಕನ್ನಡದ ವೇಷದಲ್ಲಿಯೇ ಎದುರುಗೊಳ್ಳುತ್ತದೆ. ವೇಷ ಪರಿಚಿತವಾದುದರಿಂದ ವ್ಯಕ್ತಿಯೂ ಪರಿಚಿತನೆಂಬ ಭ್ರಮೆ ಹುಟ್ಟುತ್ತದೆ.

ಈ ಭ್ರಮೆ ‘ಕೊಡು’ವಿನ ವಿಷಯದಲ್ಲಿ ಮೂರು ಕಡೆ ಓದುಗನನ್ನು ಕೆಡವುತ್ತದೆ. ಕೊಡವ ತಕ್ಕಿನ ‘ತಂದ್-’ ಎಂಬುದು ‘ಕೊಟ್ಟು’ ಎಂಬರ್ಥದ ಭೂತಕಾಲ ರೂಪ. ಕನ್ನಡಿಗನ ಕಣ್ಣಿಗೆ ಅದು ‘ತೆಗೆದುಕೊಂಡು ಬಂದು’. ‘ತಪ್ಪ್-’ ಎಂಬುದು ಕೊಡುವೆನೆಂಬ ಭರವಸೆಯನ್ನು ಹೊತ್ತ ರೂಪ. ಕನ್ನಡಿಗನಿಗೆ ಅದು ದೋಷ, ಅಪರಾಧ. ಮೂರನೆಯದು ಇನ್ನೂ ಸ್ವಾರಸ್ಯಕರ. ಪುತ್ತರಿ ಮತ್ತು ಇತರ ಸಂದರ್ಭಗಳಲ್ಲಿ ದುಡಿ ಬಾರಿಸುತ್ತ ಹಾಡುವ ‘ದುಡಿಕೊಟ್ಟ್ ಪಾಟ್’ ಎಂಬ ಹೆಸರಿನಲ್ಲಿರುವ ‘ಕೊಟ್ಟ್’ ಕೊಡುವಿಕೆಗೆ ಸಂಬಂಧಿಸಿದ್ದೇ ಅಲ್ಲ. ಅದು ತಮಿಳು, ಮಲೆಯಾಳಗಳಲ್ಲಿ ವಾದ್ಯ ಬಡಿಯುವುದಕ್ಕಿರುವ ‘ಕೊಟ್ಟು’ ಧಾತು. ಕೊಡವ ತಕ್ಕಿನಲ್ಲಿ ‘ಕೊಡ್’ನ ಭೂತಕಾಲ ‘ಕೊಡ್ತ್-’ ಆಗುತ್ತದೆಯೇ ಹೊರತು ಕನ್ನಡದಂತೆ ‘ಕೊಟ್ಟ್-’ ಆಗುವುದಿಲ್ಲ. ಹೀಗೆ ಕೊಟ್ಟದ್ದನ್ನು ತಂದದ್ದೆಂದೂ, ಕೊಡುವ ಮಾತನ್ನು ತಪ್ಪೆಂದೂ, ಬಡಿದದ್ದನ್ನು ಕೊಟ್ಟದ್ದೆಂದೂ ಓದುವ ಸಾಧ್ಯತೆ ಒಂದೇ ಪುಟದಲ್ಲಿ ಇರುತ್ತದೆ. ಕೊಡವ ತಕ್ಕಿನ ಕೇಂದ್ರ ಸ್ವರಗಳನ್ನು ಕನ್ನಡದ ರೂಢಿಯ ಲಿಪಿ ಗುರುತಿಸದಿರುವುದು ಈ ತೊಡಕನ್ನು ಹೆಚ್ಚಿಸುತ್ತದೆ.

ಕನ್ನಡ ಈ ಭೇದವನ್ನು ಪೂರ್ತಿ ಮರೆತಿದೆಯೆಂದು ಹೇಳುವುದೂ ಸರಿಯಲ್ಲ. ವ್ಯಾಕರಣದಲ್ಲಿ ಕಳೆದುಹೋದದ್ದರ ನೆರಳು ನುಡಿಗಟ್ಟಿನಲ್ಲಿ ಕಾಣಿಸುತ್ತದೆ. ‘ಆ ಊರಿಗೆ ಹೆಣ್ಣು ಕೊಟ್ಟಿದ್ದೇವೆ, ಈ ಊರಿನಿಂದ ಹೆಣ್ಣು ತಂದಿದ್ದೇವೆ’ ಎಂದು ಹಳ್ಳಿಯ ಹಿರಿಯರು ಹೇಳುವಾಗ, ಕೊಟ್ಟು ತರುವ ಸಂಬಂಧವೆಂದು ಮಾತನಾಡುವಾಗ, ಹೊರಹೋಗುವುದಕ್ಕೆ ‘ಕೊಡು’, ಒಳಬರುವುದಕ್ಕೆ ‘ತರು’ ಎಂಬ ಎಣಿಕೆ ಜೀವಂತವಾಗಿದೆ. ‘ದುಡ್ಡು ತಾ ಇಲ್ಲಿ’ ಎಂಬ ಗದರಿಕೆಯಲ್ಲಿ ತರುವುದಕ್ಕಿಂತ ಕೊಡುವುದೇ ಹೆಚ್ಚು. ಅನುವಾದಕನಿಗೆ ಉಪಯುಕ್ತವಾದ ಈ ಆಡುಮಾತಿನ ಸಂಪತ್ತನ್ನು ಇತ್ತೀಚಿನ ಕಚೇರಿ ಕನ್ನಡ ಬದಿಗೊತ್ತಿದೆ. ಅಲ್ಲಿ ಅನುಮತಿಯೂ ನೋಟೀಸೂ ಪ್ರಶಸ್ತಿಯೂ ಭಾಷಣವೂ ‘ನೀಡ’ಲ್ಪಡುತ್ತವೆ, ಯಾರು ಯಾರಿಗೆ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇಂಗ್ಲಿಷಿನಿಂದ ಕೊಡವ ತಕ್ಕಿಗೆ ಬರುವಾಗ ಕಷ್ಟ ಇನ್ನೊಂದು ಬಗೆಯದು. ಪಡೆಯುವವನನ್ನು ಹೆಸರಿಸಿದ ವಾಕ್ಯಗಳಲ್ಲಿ ತೊಂದರೆಯಿಲ್ಲ. ಆದರೆ ‘ಗಿವ್’ ಅನೇಕ ವೇಳೆ ಪಡೆಯುವವನನ್ನು ಹೇಳದೆಯೇ ನಿಲ್ಲುತ್ತದೆ: ನದಿ ನೀರು ಕೊಡುತ್ತದೆ, ದೊಡ್ಡವರು ಕೊಡುತ್ತಾರೆ. ಕೊಡವ ತಕ್ಕಿಗೆ ತರುವವನು ಇಲ್ಲಿ ತಟಸ್ಥನಾಗಿರಲಾರ. ಕಾವೇರಿ ನಮಗೆ ನೀರು ಕೊಡುತ್ತಾಳೆಂದರೆ ‘ತಾ’. ನಾಡಿಗೋ ಕಡಲಂಚಿನ ಪರರಿಗೋ ಕೊಡುತ್ತಾಳೆಂದರೆ ‘ಕೊಡ್’. ತಲಕಾವೇರಿಯಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯವರೆಗೆ ಹರಿಯುವ ನದಿಯ ವಿಷಯದಲ್ಲಿ ಇದು ಬರಿಯ ವ್ಯಾಕರಣದ ಆಯ್ಕೆಯಾಗಿ ಉಳಿಯುವುದಿಲ್ಲ. ವರದಿಮಾಡಿದ ಮಾತಿನಲ್ಲಿಯೂ ಇದೇ ಇಕ್ಕಟ್ಟು. ‘ಭೂಮಿಯನ್ನು ತಮ್ಮನಿಗೆ ಕೊಡುವೆನೆಂದು ಅಣ್ಣ ಹೇಳಿದ’ ಎಂಬ ವಾಕ್ಯವನ್ನು ಅಣ್ಣನು ತಮ್ಮನ ಮುಖ ನೋಡಿ ಆಡಿದ ಮಾತಾಗಿ ಉದ್ಧರಿಸಿದರೆ ‘ತಾ’ ಬೇಕು; ಮೂರನೆಯವರ ಮುಂದೆ ಆಡಿದ್ದಾದರೆ ‘ಕೊಡ್’ ಬೇಕು. ಇಂಗ್ಲಿಷ್ ಮೂಲ ಇದನ್ನು ತಿಳಿಸದೆ ಇರಬಹುದು. ಆಗ ಅನುವಾದಕನು ಅಣ್ಣತಮ್ಮಂದಿರು ಎದುರುಬದುರು ನಿಂತಿದ್ದರೇ ಎಂಬುದನ್ನು ತಾನೇ ತೀರ್ಮಾನಿಸಬೇಕಾಗುತ್ತದೆ.

ಕೊಡವ ಮದುವೆಯ ‘ಸಮ್ಮಂಧ ಕೊಡ್‌ಪ’ ಎಂಬ ವಿಧಿ ಇಲ್ಲಿ ಪ್ರತ್ಯೇಕ ಗಮನಕ್ಕೆ ಅರ್ಹವಾಗಿದೆ. ಎರಡೂ ಕಡೆಯ ಅರುವರು ಸಂವಾದ ನಡೆಸಿ, ಸಂಕೇತರೂಪದ ಹರಳುಗಳ ಮೂಲಕ ವಧುವಿಗೆ ಗಂಡನ ಒಕ್ಕದಲ್ಲಿ ಹಕ್ಕನ್ನು ಸ್ಥಾಪಿಸುವ ಈ ವಿಧಿಯನ್ನು ಎಂ. ಎನ್. ಶ್ರೀನಿವಾಸರು 1952ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಕನ್ನಡಕ್ಕೆ ಇದನ್ನು ‘ಸಂಬಂಧ ಕೊಡುವುದು’ ಎಂದು ಪದಶಃ ತಂದರೆ ಹೆಣ್ಣನ್ನು ಕೊಡುವುದೆಂಬ ಅರ್ಥವೇ ಮುಂದಾಗುತ್ತದೆ. ವಾಸ್ತವದಲ್ಲಿ ಇಲ್ಲಿ ಹೆಣ್ಣು ಕೊಡಲ್ಪಡುವ ವಸ್ತುವಲ್ಲ, ಪಡೆಯುವ ವ್ಯಕ್ತಿ. ಇಂಗ್ಲಿಷಿನಲ್ಲಿ ವಧುವನ್ನು ಧಾರೆಯೆರೆದು ಒಪ್ಪಿಸುವ ಕ್ರಿಯೆಗೂ ‘ಗಿವ್’ ಧಾತುವೇ ಬಳಕೆಯಲ್ಲಿರುವುದರಿಂದ ಅಲ್ಲಿಯೂ ಅದೇ ಗೊಂದಲ. ವಿಧಿಯ ಹೆಸರಿನಲ್ಲಿರುವುದು ‘ಕೊಡ್’ ಧಾತು ಎಂಬುದೂ ಗಮನಾರ್ಹ. ಅರುವರು ಒಬ್ಬರಿಗೊಬ್ಬರು ಮಾತನಾಡುತ್ತಾರೆ. ವಧು ಅವರ ಮಾತಿನಲ್ಲಿ ‘ಅವಳು’. ಹಕ್ಕು ಸೇರುವುದು ಸಂವಾದದ ಹೊರಗಿರುವ ಅವಳಿಗೆ. ಒಂದು ಕ್ರಿಯಾಪದದ ಆಯ್ಕೆ ಇಷ್ಟನ್ನು ಹೇಳುತ್ತಿರುವಾಗ ಅನುವಾದದ ಟಿಪ್ಪಣಿಗಳು ‘ಸಮ್ಮಂಧ’ವನ್ನು ಮಾತ್ರ ವಿವರಿಸಿ ‘ಕೊಡ್‌ಪ’ವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಇಂಗ್ಲಿಷಿಗೆ ಹೋದ ಕೊಡವ ಹಾಡುಗಳ ಪರಂಪರೆ ಹಳೆಯದು. ಚಾರ್ಲ್ಸ್ ಗೋವರನು 1871ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಸಂಗ್ರಹದಲ್ಲಿ ಕೊಡಗಿನ ಹಾಡುಗಳಿಗೂ ಸ್ಥಾನವಿದೆ. ‘ಪಟ್ಟೋಲೆ ಪಳಮೆ’ಯ ಇಂಗ್ಲಿಷ್ ಅನುವಾದವನ್ನು ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2003ರಲ್ಲಿ ಹೊರತಂದರು. ಗೋವರನು ಹೊರಗಿನಿಂದ ಕೇಳಿದವನು. ನಂಜಮ್ಮ, ಚಿಣ್ಣಪ್ಪನವರು ಭಾಷೆಯೊಳಗಿನವರು. ಆದರೂ ಇಂಗ್ಲಿಷಿನ ಬಡತನ ಇಬ್ಬರಿಗೂ ಸಮಾನ: ಅದರಲ್ಲಿರುವುದು ಒಂದೇ ‘ಗಿವ್’. ಇದಕ್ಕೆ ಅನುವಾದಕರನ್ನು ದೂರಲಾಗದು. ಕನ್ನಡದ ಮಟ್ಟಿಗೆ ಅಂಥ ವಿನಾಯಿತಿ ಇಲ್ಲ. ‘ಇತ್ತ’, ‘ಇತ್ತ ಕೊಡು’, ‘ನಮ್ಮ ಕೈಗೆ’, ‘ಅವರ ಪಾಲಿಗೆ’ ಮುಂತಾದ ದಿಕ್ಕು ತೋರುವ ಪದಗಳಿಂದ ಭೇದವನ್ನು ಬಹುಮಟ್ಟಿಗೆ ಉಳಿಸಬಹುದು.

2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರ ಸಂಖ್ಯೆ 2011ರಲ್ಲಿ 1,13,857ಕ್ಕೆ ಇಳಿಯಿತು. ಯುನೆಸ್ಕೊ ತನ್ನ ಅಳಿವಿನಂಚಿನ ಭಾಷೆಗಳ ನಕ್ಷೆಯಲ್ಲಿ ಕೊಡವವನ್ನು ಸೇರಿಸಿದೆ. ಇಂಥ ಭಾಷೆಗೆ ಕೋಶ ಬರೆಯುವವನು ‘ಗಿವ್’ ಎದುರು ‘ಕೊಡ್’ ಎಂದಷ್ಟೇ ಬರೆದು ಮುಂದೆ ಹೋದರೆ, ಮನೆಯಲ್ಲಿ ಭಾಷೆ ಕೇಳದೆ ಪುಸ್ತಕದಿಂದ ಕಲಿಯುವ ಮಗು ತನ್ನ ತಾಯಿಯನ್ನೇ ‘ಕೊಡ್’ ಎಂದು ಕೇಳುವಂತಾಗುತ್ತದೆ. 1961ರಲ್ಲಿ ಬರೋ ಮತ್ತು ಎಮಿನೊ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಈ ಎರಡು ಧಾತುಗಳು ಬೇರೆಬೇರೆ ನಮೂದುಗಳಲ್ಲಿ, ಪಡೆಯುವವನ ಪುರುಷಸೂಚನೆಯೊಡನೆ ಇವೆ. ಸ್ಥಳೀಯ ಕೋಶಗಳು ಅನುಸರಿಸಬಹುದಾದ ಮಾದರಿ ಅದು.

ಕಕ್ಕಬೆಯ ಇಗ್ಗುತ್ತಪ್ಪ ಮಳೆ ಬೆಳೆಗಳ ದೈವ. ಅವನಲ್ಲಿ ಮಳೆ ಬೇಡುವ ಭಕ್ತನ ಕ್ರಿಯಾಪದ ‘ತಾ’. ಕನ್ನಡಕ್ಕೆ ತರುವವನು ಅದನ್ನು ‘ತಾ’ ಎಂದೇ ಬಿಟ್ಟರೆ ದೈವ ಎಲ್ಲಿಂದಲೋ ಮಳೆಯನ್ನು ಹೊತ್ತು ತರುವವನಾಗುತ್ತಾನೆ. ‘ಕೊಡು’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಭಕ್ತನೂ ದೈವವೂ ಮುಖಾಮುಖಿಯಾಗಿ ನಿಂತ ಆ ಒಳವಲಯ ಅಳಿಸಿಹೋಗುತ್ತದೆ. ‘ನಮಗೆ ಮಳೆ ಕೊಡು’ ಎಂದು ಮೂಲದಲ್ಲಿಲ್ಲದ ‘ನಮಗೆ’ಯನ್ನು ಸೇರಿಸಿದ ಅನುವಾದವೇ ಇಲ್ಲಿ ಮೂಲಕ್ಕೆ ಹೆಚ್ಚು ನಿಷ್ಠವಾದುದು.