‘ಮೋಹನಸ್ವಾಮಿ’ಯೂ ನಮ್ಮ ಜುಗುಪ್ಸೆಯೂ

ನಾಗಮಂಗಲದ ಕಡೆಯ ಗ್ರಂಥಭಂಡಾರವೊಂದಕ್ಕೆ ಕಳೆದ ವರ್ಷ ಕೆಲವು ಪುಸ್ತಕಗಳನ್ನು ಒಪ್ಪಿಸಿದ್ದೆ. ಅವುಗಳಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ ಮಾತ್ರ ಹಿಂದಿರುಗಿ ಬಂದಿತು. ಹಿಂದಿರುಗಿಸಿದ ಹಿರಿಯರು ಅದನ್ನು ಓದಿರಲಿಲ್ಲ. ‘ಹೇಸಿಗೆ’ ಎಂದಷ್ಟೇ ನುಡಿದರು.

2013ರಲ್ಲಿ ಪ್ರಕಟವಾದ ಈ ಸಂಕಲನದ ನಾಯಕ ಪುರುಷನನ್ನೇ ಪ್ರೀತಿಸುವ ಪುರುಷ. ಇದರ ಮೊದಲ ಕಥೆಯನ್ನು ಲೇಖಕರು ‘ದೇಶಕಾಲ’ ಪತ್ರಿಕೆಯಲ್ಲಿ ಬೇರೆ ಹೆಸರಿನಿಂದ ಪ್ರಕಟಿಸಿದ್ದರು. ಕಥೆಯೊಂದರಲ್ಲಿ, ಜೊತೆಗೆ ಬಾಳಿದ ಕಾರ್ತಿಕನು ಹೆಣ್ಣೊಬ್ಬಳನ್ನು ವರಿಸಲು ಹೊರಡುತ್ತಾನೆ; ಆ ದುಃಖವನ್ನು ಲೋಕದೆದುರು ಹೇಳಿಕೊಳ್ಳುವ ಹಕ್ಕೂ ಮೋಹನಸ್ವಾಮಿಗಿಲ್ಲ. ನಮ್ಮ ಅಸಹ್ಯವು ಇನ್ನೊಬ್ಬರ ಎದೆಯಲ್ಲಿ ಲಜ್ಜೆಯಾಗಿ ಬೇರೂರುವ ಬಗೆಯನ್ನು ಇಷ್ಟು ಸಂಯಮದಿಂದ ತೋರಿಸಿದ ಕನ್ನಡ ಕೃತಿಗಳು ವಿರಳ. ಆದರೆ ಹೀಯಾಳಿಸುವವರ ಅಂತರಂಗಕ್ಕೆ ಲೇಖಕರು ಅಷ್ಟಾಗಿ ಇಳಿಯುವುದಿಲ್ಲ. ನನಗೆ ಇದೊಂದು ಕೊರತೆಯಾಗಿ ಕಂಡಿತು.

ಆ ಅಂತರಂಗವನ್ನು ಶೋಧಿಸಿದವರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಬಾಬ್ ಆಲ್ಟೆಮಯರ್ ಒಬ್ಬರು. ಅಧಿಕಾರಕ್ಕೆ ತಲೆಬಾಗುವುದು, ರೂಢಿಗೆ ಅಂಟಿಕೊಳ್ಳುವುದು, ಹಿರಿಯರ ಸಮ್ಮತಿಯಿದೆಯೆಂದು ಅನ್ಯರ ಮೇಲೆ ಕಠೋರವಾಗುವುದು, ಈ ಮೂರೂ ಕೂಡಿದ ಸ್ವಭಾವದವರಲ್ಲಿ ಸಲಿಂಗಪ್ರೇಮಿಗಳ ಬಗೆಗಿನ ದ್ವೇಷ ಅಧಿಕವೆಂದು ಅವರು ಕಂಡರು. ಜಗತ್ತೆಲ್ಲ ಅಪಾಯವೆಂಬ ಭಯ, ತಾನೇ ಸದಾಚಾರಿಯೆಂಬ ಅಹಂಕಾರ ಇವೆರಡು ಅದರ ಬೇರುಗಳೆಂದರು.

ನಮಗೆ ಇದು ಹೊಸತೇ? ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಎಣಿಸಿದ ಒಂಬತ್ತು ನೋಕಷಾಯಗಳಲ್ಲಿ ಭಯ, ಜುಗುಪ್ಸೆಗಳು ಮೂರು ವೇದಗಳ ಪಕ್ಕದಲ್ಲೇ ಇವೆ. ಇನ್ನೊಬ್ಬನ ವೇದವನ್ನು ಖರ್ಚಿನಲ್ಲಿ ಬರೆದು ನಮ್ಮ ಜುಗುಪ್ಸೆಯನ್ನು ಬರೆಯದೇ ಬಿಡುವುದು ವ್ಯಾಪಾರಿಯಾದ ನನ್ನ ಕಣ್ಣಿಗೆ ಕಳ್ಳಲೆಕ್ಕ. ದ್ರವ್ಯವೇದ, ಭಾವವೇದಗಳು ಸಾಮಾನ್ಯವಾಗಿ ಒಂದೇ ಆಗಿದ್ದರೂ ಕೆಲವರಲ್ಲಿ ಬೇರೆಯಾಗಬಹುದೆಂದು ಚಾವುಂಡರಾಯನ ಗುರು ನೇಮಿಚಂದ್ರಾಚಾರ್ಯರು ಗೊಮ್ಮಟಸಾರದಲ್ಲಿ ಸಾವಿರ ವರ್ಷಗಳ ಹಿಂದೆಯೇ ಹೇಳಿದರು, ಹೇಳುವಾಗ ಹೇಸಲಿಲ್ಲ. ಶಾಸ್ತ್ರವು ಸಲಿಂಗಪ್ರೇಮವನ್ನು ಅನುಮೋದಿಸಿದೆಯೆಂಬ ವಾದ ನನ್ನದಲ್ಲ. ಅದು ದಂಪತಿಗಳ ಕಾಮವನ್ನೂ ಬಂಧವೆಂದೇ ಎಣಿಸುತ್ತದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿತು. ಮನೆಯೊಳಗಿನ ಹಿಡಿತ ಬೇರೆಯದು. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ನಮ್ಮವರ ಮನೆಗಳು ಕೆಲವೇ. ಒಬ್ಬರ ಮಾತು ಎಲ್ಲರಿಗೂ ತಲುಪುತ್ತದೆ. ‘ಮದುವೆಯಾದರೆ ಸರಿಹೋಗುತ್ತಾನೆ’ ಎಂದು ಸಂಬಂಧ ಕುದುರಿಸುವಾಗ ಆ ಹುಡುಗನ ಬಾಳಿನೊಡನೆ ಏನೂ ಅರಿಯದೆ ಬರುವ ಹೆಣ್ಣುಮಗಳ ಬಾಳನ್ನೂ ನೋಯಿಸುತ್ತೇವೆ. ಅಣುವ್ರತಧಾರಿಗಳು ಇದನ್ನು ಯಾವ ಹಿಂಸೆಯಲ್ಲಿ ಸೇರಿಸುತ್ತಾರೆ?

ಹಿಂದಿರುಗಿದ ಪ್ರತಿಯನ್ನು ನನ್ನ ಅಂಗಡಿಯಲ್ಲೇ ಇರಿಸಿದ್ದೇನೆ. ಈವರೆಗೆ ಇಬ್ಬರು ಓದಲು ಒಯ್ದರು. ಒಬ್ಬರು ಕಾಗದದಲ್ಲಿ ಸುತ್ತಿ ಕೊಡಿರೆಂದರು.